ಮುಯ್ಯಿ ಶನಿವಾರಗಳು

ಹಿಂದಿಯಿಂದ ತಪ್ಪಿಸಿಕೊಳ್ಳುವುದಕ್ಕಾಗಿ ನಮ್ಮ ತರಗತಿಯ ಅರ್ಧ ಮಕ್ಕಳು ಮೆಕ್ಯಾನಿಕ್ ಆಗಲು ಸಿದ್ಧರಾಗಿದ್ದರು, ಇನ್ನರ್ಧ ಮಕ್ಕಳು ಅಂಗಡಿ ಇಡಲು. ನಾನು ಓದಿದ್ದು ನ್ಯಾಮತಿ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಒಂಬತ್ತನೇ ತರಗತಿಗೆ ಬಂದಾಗ ಮೂರನೇ ಭಾಷೆಯ ಬದಲು ಒಂದು ವೃತ್ತಿ ವಿಷಯ ತೆಗೆದುಕೊಳ್ಳಬಹುದು ಅಂತ ಹೇಳಿದರು. ಇದ್ದದ್ದು ಎರಡು, ಆಟೋಮೊಬೈಲ್ ಮತ್ತು ರೀಟೇಲ್. ನಮ್ಮ ಬಾಯಲ್ಲಿ ಅವು ಒಂದೇ ದಿನದಲ್ಲಿ ಗ್ಯಾರೇಜ್ ಸಬ್ಜೆಕ್ಟು, ಅಂಗಡಿ ಸಬ್ಜೆಕ್ಟು ಆಗಿಹೋದವು.

ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಾಸ್ಟರು ಎಲ್ಲರ ಕೈಗೂ ಒಂದೊಂದು ಫಾರಂ ಕೊಟ್ಟು, "ಮುಂದೆ ಏನಾಗ್ಬೇಕು ಅನ್ನೋದನ್ನ ಈಗ್ಲೇ ಸ್ವಲ್ಪ ರುಚಿ ನೋಡ್ರಿ. ಬೇಕಾದ್ದಕ್ಕೆ ಟಿಕ್ ಹಾಕಿ, ಮನೇಲಿ ಸಹಿ ಹಾಕಿಸ್ಕಂಡು ಬರ್ರಿ" ಅಂದರು. ಹದಿನಾಲ್ಕು ವರ್ಷದವರನ್ನು ಮುಂದೆ ಏನಾಗುತ್ತೀರಿ ಅಂತ ಕೇಳಿದರೆ ಏನು ಹೇಳುತ್ತಾರೆ? ನನ್ನ ಪಕ್ಕದಲ್ಲಿ ಕೂತವಳು ತನ್ನ ಗೆಳತಿಯನ್ನು ನೋಡಿ ಟಿಕ್ ಹಾಕಿದಳು. ಆ ಗೆಳತಿ ಇವಳನ್ನು ನೋಡಿ ಹಾಕಿದ್ದಳು. ಇಡೀ ತರಗತಿಯಲ್ಲಿ ಯೋಚನೆ ಮಾಡಿ ಹಾಕಿದವಳು ನಾನೊಬ್ಬಳೇ ಅಂತ ನಾನು ಬೀಗುತ್ತಿದ್ದೆ. ನಾನು ಹಾಕಿದ್ದು ಗ್ಯಾರೇಜಿಗೆ.

ಕಾರಣ ಅಪ್ಪ. ನಮ್ಮದು ಅಪ್ಪ, ದೊಡ್ಡಪ್ಪ ಒಟ್ಟಿಗೇ ಇರುವ ಮನೆ. ಮನೆಯ ಟ್ರ್ಯಾಕ್ಟರ್ ಓಡಿಸುವುದು ಅಪ್ಪನ ಕೆಲಸ. ನಮ್ಮ ಹೊಲದ ಕೆಲಸ ಮುಗಿದರೆ ಸುತ್ತಲಿನ ಊರುಗಳಿಗೆ ಬಾಡಿಗೆಗೆ ಹೋಗುತ್ತಿದ್ದ. ಬೆಳಿಗ್ಗೆ ಹತ್ತಿದರೆ ಸಂಜೆಗೆ ಇಳಿಯುವ ಮನುಷ್ಯ, ಮನೆಗೆ ಬಂದ ಮೇಲೆ ಎರಡು ಮಾತಾಡಿದರೆ ಹೆಚ್ಚು. ಆ ಟ್ರ್ಯಾಕ್ಟರನ್ನು ಎಷ್ಟು ಒಪ್ಪವಾಗಿ ಇಟ್ಟಿದ್ದ ಅಂದರೆ, "ಅವ್ನಿಗೆ ಅದು ಅಂದ್ರೆ ಪ್ರಾಣ" ಅಂತ ಊರಿನವರೆಲ್ಲ ಹೇಳುತ್ತಿದ್ದರು. ನಾನೂ ಹಾಗೇ ನಂಬಿದ್ದೆ. ಅಪ್ಪನಿಗೆ ನಾನೊಬ್ಬಳೇ ಮಗಳು. ಅವನ ಪ್ರಾಣದ ವಿದ್ಯೆಯನ್ನು ನಾನು ಕಲಿತರೆ ಅವನಿಗೆ ಎಷ್ಟು ಖುಷಿ ಆಗಬಹುದು ಅಂತ ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಮುಂದಿನ ರಗಳೆ ಯಾವುದೂ ಆಗುತ್ತಿರಲಿಲ್ಲ.

ಫಾರಂ ಮನೆಗೆ ಬಂದಾಗ ಮೊದಲು ಓದಿದ್ದು ದೊಡ್ಡಪ್ಪ. ಮನೆಗೆ ಬರುವ ಯಾವ ಕಾಗದವನ್ನಾದರೂ ಮೊದಲು ಓದುವ ಹಕ್ಕು ತನ್ನದು ಅಂತ ಅವನು ತಿಳಿದಿದ್ದ. ಓದಿ, ಕನ್ನಡಕ ತೆಗೆದು, "ಹೆಣ್ಣುಡುಗಿ ಮೈಗೆಲ್ಲ ಗ್ರೀಸ್ ಹಚ್ಕಂಡು ಬರೋದು ಅಂದ್ರೆ ಏನು? ಅಂಗಡಿದು ಐತಲ್ಲ, ಅದಕ್ಕೆ ಹಾಕು" ಅಂದ.

ಒಳಗಿಂದ ಅವ್ವನೂ, "ಹೂಂ ಮತ್ತೆ, ಅದಾದ್ರೆ ಬಟ್ಟೆನಾದ್ರೂ ಉಳಿತಾವೆ" ಅಂದಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಈಗಲೂ. ಯಾರಾದರೂ ಬೇಡ ಅಂದರೆ ಸಾಕು, ಅರ್ಧ ಬೇಕಾಗಿದ್ದದ್ದು ಪೂರ್ತಿ ಬೇಕಾಗಿಬಿಡುತ್ತದೆ. ಹಟ ಹಿಡಿದು ಊಟ ಬಿಟ್ಟೆ. ಒಂದು ಹೊತ್ತು ಮಾತ್ರ. ಸಂಜೆ ಅವ್ವ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಅದಕ್ಕೂ ಫಾರಮ್ಮಿಗೂ ಏನೂ ಸಂಬಂಧ ಇಲ್ಲ ಅಂತ ನನಗೆ ನಾನೇ ತೀರ್ಪು ಕೊಟ್ಟುಕೊಂಡು ಎರಡು ರೊಟ್ಟಿ ತಿಂದೆ. ತಿನ್ನುತ್ತಲೇ ಅತ್ತೆ. ದೊಡ್ಡಪ್ಪ ಮತ್ತೆ ಅದೇ ರಾಗ ಶುರು ಮಾಡಿದ. ಆಗ ಅಪ್ಪ ತಟ್ಟೆಯನ್ನು ಪಕ್ಕಕ್ಕಿಟ್ಟ.

"ಅಣ್ಣ, ಅವಳು ಏನ್ ಕೇಳ್ತಾಳೋ ಅದನ್ನೇ ಓದ್ಲಿ. ಈ ವಿಷ್ಯಕ್ಕೆ ಯಾರೂ ಬರಬ್ಯಾಡ್ರಿ."

ಅಪ್ಪ ಅಣ್ಣನಿಗೆ ಎದುರು ಮಾತಾಡಿದ್ದನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ. ಅವ್ವನೂ ನೋಡಿರಲಿಲ್ಲ. ಹಂಚಿಗೆ ಹಾಕಬೇಕಾದ ರೊಟ್ಟಿ ಅವಳ ಕೈಯಲ್ಲೇ ಉಳಿಯಿತು. ಅಪ್ಪ ಕೈ ತೊಳೆದು ಬಂದು, ನನ್ನ ಟಿಕ್ಕಿನ ಕೆಳಗೆ ಸಹಿ ಹಾಕಿದ. ದೊಡ್ಡಪ್ಪ ಎಂಟು ದಿನ ತಮ್ಮನ ಜೊತೆ ಮಾತು ಬಿಟ್ಟ. ಇಬ್ಬರೂ ಒಂದೇ ಪಡಸಾಲೆಯಲ್ಲಿ ಕೂತಿರುತ್ತಿದ್ದರು. ದೊಡ್ಡಪ್ಪ ನನ್ನ ಕಡೆ ತಿರುಗಿ, "ನಾಳೆ ಟ್ರ್ಯಾಕ್ಟರ್ ಎಲ್ಲಿಗೆ ಹೋಗ್ತೈತಂತೆ ಕೇಳು" ಅನ್ನುವುದು, ಅಪ್ಪ ನನ್ನ ಕಡೆ ನೋಡಿ, "ಕೆರೆ ಹಿಂದ್ಲ ಹೊಲಕ್ಕಂತೆ ಅನ್ನು" ಅನ್ನುವುದು. ನಡುವೆ ನಾನು, ಇಬ್ಬರೂ ಕೇಳಿಸಿಕೊಂಡದ್ದನ್ನೇ ಇಬ್ಬರಿಗೂ ಹೇಳುತ್ತಾ ಕೂತಿರುತ್ತಿದ್ದೆ.

ಅಪ್ಪ ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಲಿಲ್ಲ. ಮುಂದಿನ ವಾರ ಹೊನ್ನಾಳಿಗೆ ಹೋದವನು ನಟ್ಟು ಬಿಚ್ಚುವ ಪಾನಾಗಳ ಒಂದು ಸೆಟ್ಟು ತಂದ, ಚಿಕ್ಕದರಿಂದ ದೊಡ್ಡದರವರೆಗೆ, ನನ್ನ ಹೆಸರಲ್ಲಿ. ಊರ ಹೋಟೆಲಿನ ಮುಂದೆ ಕುಳಿತವರಿಗೆಲ್ಲ, "ನನ್ನ ಮಗಳು ಇಂಜಿನ್ ಬಿಚ್ಚಾಕೆ ಕಲಿತಾಳೆ" ಅಂದನಂತೆ. ಬಾಯಿಯೇ ಬಿಡದ ಮನುಷ್ಯ ಅಷ್ಟು ಹೇಳಿದ ಅಂತ ಅದೇ ಊರಿಗೆ ದೊಡ್ಡ ಸುದ್ದಿಯಾಯಿತು.

ಮೊದಲ ತಿಂಗಳು ಬರೀ ಪಾಠ ಮತ್ತು ಚಿತ್ರ. ಚಿತ್ರ ನಾನು ಚೆನ್ನಾಗಿ ಬರೆಯುತ್ತೇನೆ, ಆದ್ದರಿಂದ ನಾನೇ ದೊಡ್ಡ ಮೆಕ್ಯಾನಿಕ್ ಅಂದುಕೊಂಡಿದ್ದೆ. ಆಮೇಲೆ ಪ್ರಾಕ್ಟಿಕಲ್ ಶುರುವಾಯಿತು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಮ್ಮನ್ನು ಮೇಷ್ಟ್ರು ನ್ಯಾಮತಿ ಪೇಟೆಯ ಒಂದು ಗ್ಯಾರೇಜಿಗೆ ಕರೆದುಕೊಂಡು ಹೋಗುತ್ತಿದ್ದರು. ಅಂಗಡಿ ಸಬ್ಜೆಕ್ಟಿನವರನ್ನು ಅವರ ಮೇಡಂ ಪೇಟೆಯ ಅಂಗಡಿಗಳಿಗೆ ಒಬ್ಬೊಬ್ಬರಂತೆ ಹಂಚಿಬರುತ್ತಿದ್ದರು.

ಗ್ಯಾರೇಜಿಗೆ ಕಾಲಿಟ್ಟ ಒಂದು ಗಂಟೆಯೊಳಗೆ ನನಗೆ ಗೊತ್ತಾಯಿತು, ಇದು ನನಗೆ ಒಗ್ಗುವುದಲ್ಲ ಅಂತ. ಗ್ರೀಸಿನದೇನೂ ತೊಂದರೆ ಇರಲಿಲ್ಲ. ಪೆಟ್ರೋಲ್ ವಾಸನೆಗೆ ತಲೆ ಸಿಡಿಯುತ್ತಿತ್ತು, ಅದನ್ನೂ ತಡೆದುಕೊಳ್ಳುತ್ತಿದ್ದೆ. ತಡೆಯಲಾಗದ್ದು ಅಲ್ಲಿನ ಮೌನ. ಎಲ್ಲರೂ ತಲೆ ಬಗ್ಗಿಸಿ ಬೈಕಿನ ಹೊಟ್ಟೆಯೊಳಗೆ ಕಣ್ಣಿಟ್ಟು ಕೂತಿರುತ್ತಾರೆ. ಏನಾದರೂ ಕೇಳಿದರೆ ಕಾಲು ಗಂಟೆ ಬಿಟ್ಟು "ಹಾಂ?" ಅನ್ನುತ್ತಾರೆ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ವಟಗುಟ್ಟುವ ನಾನು ಅಲ್ಲಿ ಹೇಗೆ ಬಾಳಲಿ? ಮೂರನೇ ಶನಿವಾರ ಒಂದು ಕಾರ್ಬುರೇಟರ್ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದೆ. ಜೋಡಿಸಿದ ಮೇಲೆ ನೆಲದ ಮೇಲೆ ಮೂರು ಸಾಮಾನು ಉಳಿದಿದ್ದವು.

ನಮ್ಮ ಮೇಷ್ಟ್ರು ಜಗಳೂರು ಕಡೆಯ ಬಿಳಿಚೋಡಿನವರು, ಇನ್ನೂ ಸಣ್ಣ ವಯಸ್ಸು, ಗುತ್ತಿಗೆಯ ಮೇಲೆ ಬಂದಿದ್ದರು. ಆ ಮೂರನ್ನೂ ಅಂಗೈ ಮೇಲೆ ಇಟ್ಟುಕೊಂಡು, "ಈ ಬೈಕಿಗೆ ಇವು ಬ್ಯಾಡ್ವೇನವ್ವ?" ಅಂತ ಬಹಳ ಮರ್ಯಾದೆಯಿಂದ ಕೇಳಿದರು. ಗ್ಯಾರೇಜೆಲ್ಲ ಗೊಳ್ಳೆಂದು ನಕ್ಕಿತು. ಅಲ್ಲಿ ಮನುಷ್ಯರ ಸದ್ದು ಕೇಳಿದ್ದು ಅದೇ ಮೊದಲು.

ಸಂಜೆ ಮನೆಗೆ ಬಂದರೆ ಅಪ್ಪ ಕಟ್ಟೆ ಮೇಲೆ ಕಾಯುತ್ತಿದ್ದ.

"ಏನ್ ಬಿಚ್ಚಿದ್ರಿ ಇವತ್ತು?"

"ಕಾರ್ಬುರೇಟರ್."

"ಜೋಡ್ಸಿದ್ಯಾ?"

"ಹೂಂ, ಜೋಡ್ಸಿದೆ."

ಉಳಿದ ಮೂರರ ಸುದ್ದಿ ಎತ್ತಲಿಲ್ಲ. ಅವನ ಮುಖ ಅರಳಿದ್ದು ನೋಡಿ ಬಾಯಿಗೆ ಬೀಗ ಹಾಕಿಕೊಂಡೆ. ಮನೆಯನ್ನು ರಣರಂಗ ಮಾಡಿ ಗೆದ್ದವಳು ನಾನೇ. ಅಣ್ಣತಮ್ಮಂದಿರ ಮಾತು ಬಿಡಿಸಿದವಳೂ ನಾನೇ. ಈಗ ಬೇಡ ಅಂತ ಯಾವ ಮುಖ ಇಟ್ಟುಕೊಂಡು ಹೇಳಲಿ? ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು ಬಂದಿತ್ತು, ಅದನ್ನು ಅವ್ವನ ಮೇಲೆ ತೀರಿಸಿಕೊಂಡೆ.

ನನ್ನ ಹಾಗೇ ಒದ್ದಾಡುತ್ತಿದ್ದ ಇನ್ನೊಬ್ಬ ನಮ್ಮ ತರಗತಿಯಲ್ಲಿದ್ದ, ಪಕ್ಕದ ಊರಿನ ಹುಡುಗ. ಅವರಪ್ಪನಿಗೆ ಒಂದು ಸಣ್ಣ ಕಿರಾಣಿ ಅಂಗಡಿ ಇತ್ತು, ಹಾಗಾಗಿ ಮಗನ ಫಾರಮ್ಮಿನಲ್ಲಿ ಅಂಗಡಿಗೇ ಟಿಕ್ ಬಿದ್ದಿತ್ತು. ಆದರೆ ಹುಡುಗ ಮಹಾ ಸಂಕೋಚದವನು. ಶನಿವಾರ ಅವನನ್ನು ಒಂದು ಪಾತ್ರೆ ಅಂಗಡಿಯಲ್ಲಿ ಬಿಡುತ್ತಿದ್ದರು. ಗಿರಾಕಿ ಒಳಗೆ ಬಂದರೆ ಇವನು ಹಂಡೆಗಳ ಹಿಂದೆ ಹೋಗಿ ನಿಲ್ಲುತ್ತಿದ್ದ. ಅದೇ ಹುಡುಗ ರಸ್ತೆಯಲ್ಲಿ ಬೈಕ್ ಹೋದ ಸದ್ದು ಕೇಳಿಯೇ, "ಇದ್ರ ಚೈನ್ ಸಡ್ಲ ಐತೆ" ಅನ್ನುತ್ತಿದ್ದ.

ಒಂದು ಭಾನುವಾರ ಅವನೂ ಅವರವ್ವನೂ ನಮ್ಮ ಮೆಕ್ಕೆಜೋಳದ ಹೊಲಕ್ಕೆ ಮುಯ್ಯಿಗೆ ಬಂದಿದ್ದರು. ಮುಯ್ಯಿ ಅಂದರೆ, ಇವತ್ತು ನಮ್ಮ ಹೊಲದ ಕಳೆ ತೆಗೆಯಲು ನಿಮ್ಮ ಮನೆಯಿಂದ ಇಬ್ಬರು ಬಂದರೆ, ನಾಳೆ ನಿಮ್ಮ ಹೊಲಕ್ಕೆ ನಮ್ಮ ಮನೆಯಿಂದ ಇಬ್ಬರು ಹೋಗಬೇಕು. ಕೂಲಿಯ ಮಾತಿಲ್ಲ. ಇಂಥವರೇ ಬರಬೇಕು ಅಂತಲೂ ಇಲ್ಲ. ಅವ್ವನಿಗೆ ಆಗದಿದ್ದರೆ ನಾನು, ನನಗೆ ಆಗದಿದ್ದರೆ ದೊಡ್ಡಮ್ಮ. ಆಳಿಗೆ ಆಳು ಬಂದರೆ ಮುಯ್ಯಿ ತೀರಿತು. ಅಕ್ಕಪಕ್ಕದ ಸಾಲು ಹಿಡಿದು ಕಳೆ ತೆಗೆಯುತ್ತಾ ಅವನು ಅಂಗಡಿಯ ಕಷ್ಟ ಹೇಳಿಕೊಂಡ, ನಾನು ಗ್ಯಾರೇಜಿನ ಕಷ್ಟ ಹೇಳಿಕೊಂಡೆ. ಸಾಲಿನ ತುದಿ ಮುಟ್ಟುವ ಹೊತ್ತಿಗೆ ನನಗೆ ದಾರಿ ಹೊಳೆದಿತ್ತು.

"ಶನಿವಾರ ಮುಯ್ಯಿ ಹಾಕ್ಕಣನಾ?" ಅಂದೆ.

ಅವನ ಕುಡುಗೋಲು ಅಲ್ಲೇ ನಿಂತಿತು. "ಸರ್ ಬೈಯಲ್ವಾ?"

"ಯಾಕೆ ಬೈತಾರೆ? ಗ್ಯಾರೇಜಿಗೆ ಒಂದಾಳು ಕಮ್ಮಿ ಆಗ್ತೈತಾ? ಅಂಗಡಿಗೆ ಕಮ್ಮಿ ಆಗ್ತೈತಾ?"

ಇದು ಕಳ್ಳಾಟ ಅಂತ ನಮಗೆ ಹೊಳೆಯಲೇ ಇಲ್ಲ, ದೇವರಾಣೆಗೂ. ಹೊಲದಲ್ಲಿ ನಡೆಯುವುದು ಶಾಲೆಯಲ್ಲಿ ಯಾಕೆ ನಡೆಯಬಾರದು? ಹಾಜರಿ ಪುಸ್ತಕಕ್ಕೆ ಬೇಕಾದದ್ದು ತಲೆ, ತಲೆ ಲೆಕ್ಕಕ್ಕೆ ಸರಿ ಇದ್ದರಾಯಿತು ಅಂತ ನಾವಿಬ್ಬರೂ ನಿಶ್ಚಿಂತೆಯಿಂದ ಮುಂದಿನ ಸಾಲು ಹಿಡಿದೆವು.

ಆ ಶನಿವಾರ ಅವನು ಗ್ಯಾರೇಜಿಗೆ ಹೋದ, ನಾನು ಪಾತ್ರೆ ಅಂಗಡಿಗೆ ಹೋದೆ. ಅಂಗಡಿ ನಡೆಸುತ್ತಿದ್ದವರು ವಯಸ್ಸಾದ ಒಬ್ಬ ಅಮ್ಮ. ಹಣೆ ತುಂಬ ವಿಭೂತಿ, ಮಾತು ಖಡಕ್ಕು. "ನಿಮ್ಮ ಹುಡುಗ ಎಲ್ಲವ್ವ?" ಅಂದರು.

"ಅವನ ಬದ್ಲು ನಾನ್ರಿ. ಮುಯ್ಯಿಗೆ ಬಂದೀನಿ."

ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಮಾತಾಡಾಕೆ ಬರ್ತೈತಾ?"

"ಬರ್ತೈತ್ರಿ."

"ಅಷ್ಟಾದ್ರೆ ಸಾಕು. ಅವನಿಗೆ ಅದೊಂದು ಬರ್ತಿರ್ಲಿಲ್ಲ. ಕುಂತ್ಕ."

ಒಂದು ಗಂಟೆ ಲೋಟ ಒರೆಸಿದೆ. ಆಮೇಲೆ ಒಬ್ಬ ಹೆಂಗಸು ಬಂದರು. ನ್ಯಾಮತಿಯ ಮಗಳು, ಬಸವಾಪಟ್ಟಣಕ್ಕೆ ಕೊಟ್ಟಿದ್ದರಂತೆ. ಈಗ ತನ್ನ ಮಗಳ ಮದುವೆಗೆ ಪಾತ್ರೆ ತೆಗೆದುಕೊಳ್ಳಲು ತವರೂರಿನ ಅಂಗಡಿಗೇ ಬಂದಿದ್ದರು. ಫಳಫಳ ಹೊಳೆಯುವ ಒಂದು ಅನ್ನದ ಪಾತ್ರೆಯನ್ನು ಕೈಗೆತ್ತಿಕೊಂಡು ಮೆಚ್ಚಿ ನೋಡುತ್ತಿದ್ದರು. ನನಗೆ ಸುಮ್ಮನಿರಲು ಆಗಲಿಲ್ಲ.

"ಅದು ಬ್ಯಾಡ್ರಿ ಅಮ್ಮ. ತಳ ತೆಳ್ಳಗೈತೆ, ಅನ್ನ ಸೀಯ್ತೈತೆ. ಮದ್ವೆ ಆಗಿ ಎರಡೇ ದಿನಕ್ಕೆ ನಿಮ್ಮ ಮಗಳು ಅತ್ತೆ ಹತ್ರ ಬೈಸ್ಕಂಬೇಕಾಗ್ತೈತೆ."

ಅಂಗಡಿಯಮ್ಮ ನನ್ನನ್ನು ನುಂಗುವ ಹಾಗೆ ನೋಡಿದರು. ಆ ಹೆಂಗಸು ಒಂದು ಗಳಿಗೆ ಬೆಪ್ಪಾದರು, ಆಮೇಲೆ ನಗಲು ಶುರು ಮಾಡಿದರು. "ಹಂಗಾದ್ರೆ ನೀನೇ ತೆಗಿಯವ್ವ, ಯಾವ್ದು ಒಳ್ಳೇದು?"

ನಾನು ಎದ್ದೆ. ಒಂದೊಂದು ಪಾತ್ರೆಯನ್ನೂ ಬೋರಲು ಹಾಕಿ ತಳಕ್ಕೆ ಬೆರಳ ಗಂಟಿನಿಂದ ಬಡಿದು, "ಇದ್ರ ಸದ್ದು ಕೇಳ್ರಿ, ಇದ್ರ ಸದ್ದು ಕೇಳ್ರಿ" ಅಂತ ತೋರಿಸಿದೆ. ಇದೇನು ಘನ ವಿದ್ಯೆಯಲ್ಲ, ಅವ್ವ ಸಂತೆಯಲ್ಲಿ ಮಾಡುವುದನ್ನು ಹುಟ್ಟಿದಾಗಿನಿಂದ ನೋಡಿದ್ದೆ. ಮಗಳಿಗೆ ಕೊಡುವ ಮನೆಯಲ್ಲಿ ಎಷ್ಟು ಜನ, ಗ್ಯಾಸೋ ಒಲೆಯೋ, ಅತ್ತೆಗೆ ಸೊಂಟನೋವು ಇದೆಯೋ, ಎಲ್ಲ ಕೇಳಿದೆ. ಸೊಂಟನೋವಿನ ಅತ್ತೆ ಎತ್ತಲಾಗದ ಹಂಡೆಯನ್ನು ಬಿಡಿಸಿ ಹಿಡಿಕೆ ಇದ್ದದ್ದನ್ನು ಕೊಡಿಸಿದೆ. ಅವರು ಒಂದೆರಡು ಪಾತ್ರೆಗೆ ಬಂದವರು ಇಡೀ ಮದುವೆಯ ಸಾಮಾನು ಅಲ್ಲೇ ಆರಿಸಿದರು. ಹೋಗುವಾಗ ನನ್ನ ಗಲ್ಲ ಹಿಡಿದು, "ಮದ್ವೆಗೆ ಬಾ" ಅಂದರು.

ಅಂಗಡಿಯಮ್ಮ ನಾನು ಹೊರಡುವಾಗ, "ಮುಂದಿನ ಶನಿವಾರನೂ ಮುಯ್ಯಿ ಐತೇನು?" ಅಂದರು. ಮಾತಾಡಿ ಮಾತಾಡಿ ನನ್ನ ಗಂಟಲು ಕಟ್ಟಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಬ್ಬಳೇ ನಗುತ್ತಿದ್ದೆ. ಅಷ್ಟು ಖುಷಿ ನನಗೆ ಅದುವರೆಗೆ ಶಾಲೆಯ ಯಾವ ಪಾಠದಿಂದಲೂ ಆಗಿರಲಿಲ್ಲ. ಸೋಮವಾರ ಆ ಹುಡುಗ ಉಗುರಿನ ಕರಿಯನ್ನು ಬೇಕಂತಲೇ ತೊಳೆಯದೆ ಬಂದಿದ್ದ.

ಹೀಗೆ ನಾಲ್ಕು ಶನಿವಾರ ಮುಯ್ಯಿ ನಡೆಯಿತು. ಐದನೆಯದರ ಮೊದಲು, ಬುಧವಾರ, ಮೇಷ್ಟ್ರು ನಮ್ಮಿಬ್ಬರನ್ನೂ ಸ್ಟಾಫ್ ರೂಮಿನ ಹೊರಗೆ ಕರೆದು ನಿಲ್ಲಿಸಿದರು.

"ಮೊದಲ್ನೇ ಶನಿವಾರನೇ ಗೊತ್ತಾತು ನನಗೆ. ಎರಡು ಜಡೆ ಹೋಗಿ ಒಂದು ಮೀಸೆ ಬಂದ್ರೆ ಗೊತ್ತಾಗಲ್ವೇನು? ಯಾರು ಹೇಳ್ಕೊಟ್ರು ನಿಮಗಿದನ್ನ?"

"ಯಾರೂ ಇಲ್ಲ ಸರ್. ಮುಯ್ಯಿ ಸರ್" ಅಂದೆ.

ಮೇಷ್ಟ್ರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ನಗು ಮುಗಿದ ಮೇಲೆ ಹೇಳಿದರು: "ನಮ್ಮನೇಲೂ ಮುಯ್ಯಿ ಮಾಡ್ತಾರವ್ವ. ಆದ್ರೆ ಪರೀಕ್ಷೆ ಮಾಡೋರಿಗೆ ಮುಯ್ಯಿ ಗೊತ್ತಿಲ್ಲ. ಈ ಹುಡುಗನ ಕೈ ಚೆನ್ನಾಗೈತೆ, ಅದ್ಕೇ ನೋಡಿಯೂ ಸುಮ್ನಿದ್ದೆ, ಮೇಡಂಗೂ ಹೇಳಿಟ್ಟಿದ್ದೆ. ಇನ್ನು ಆಗಲ್ಲ. ಸೋಮವಾರ ಪಟ್ಟಿ ಕಳಿಸ್ಬೇಕು, ಆಮೇಲೆ ಬದ್ಲಾಯ್ಸಾಕೆ ಬರಲ್ಲ. ಗ್ಯಾರೇಜಲ್ಲಿ ಜಾಗ ಇಷ್ಟೇ. ನೀನು ಬಿಟ್ರೆ ಇವ್ನು ಬರ್ತಾನೆ, ಬಿಡ್ಲಿಲ್ಲ ಅಂದ್ರೆ ಇಬ್ರೂ ಎಲ್ಲಿದ್ರೋ ಅಲ್ಲೇ." ಅಂದು ಇಬ್ಬರಿಗೂ ಒಂದೊಂದು ಹೊಸ ಫಾರಂ ಕೊಟ್ಟರು. ಮನೆಯವರ ಸಹಿ ಬೇಕಿತ್ತು.

ಅವನ ಫಾರಂ ಮರುದಿನವೇ ಸಹಿಯಾಗಿ ಬಂತು. "ಏನಂದ್ರು ನಿಮ್ಮಪ್ಪ?" ಅಂದೆ. "ಗ್ಯಾರೇಜಾ, ಸರಿ ಅಂದ್ರು" ಅಂದ. ನನಗೆ ಮೈಯೆಲ್ಲ ಉರಿಯಿತು. ಕೆಲವರಿಗೆ ಎಷ್ಟು ಸಲೀಸು ನೋಡಿ. ನನ್ನ ಫಾರಂ ಮಾತ್ರ ಗುರುವಾರ, ಶುಕ್ರವಾರ, ಶನಿವಾರ ಚೀಲದಲ್ಲೇ ಮುದುಡುತ್ತಿತ್ತು. ಆ ಶನಿವಾರ ಗ್ಯಾರೇಜಿಗೇ ಹೋಗಿ ಬಂದೆ. ಅಪ್ಪನ ಮುಂದೆ ನಾಲ್ಕು ಸಲ ನಿಂತೆ, ನಾಲ್ಕು ಸಲವೂ "ನೀರು ಬೇಕಾ?" ಅಂತ ಕೇಳಿ ವಾಪಸು ಬಂದೆ. ಅವನೂ ಪಾಪ, ನಾಲ್ಕು ಸಲವೂ ಕುಡಿದ.

ಅಷ್ಟು ಸಾಲದು ಅಂತ ಅಪ್ಪನೇ ಹೇಳಿದ: "ನಾಳೆ ಟ್ರ್ಯಾಕ್ಟರಿಗೆ ಆಯಿಲ್ ಬದ್ಲಾಯ್ಸಬೇಕು. ನಾನು ಮುಟ್ಟಲ್ಲ. ನೀನೇ ಮಾಡು."

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಟ್ರ್ಯಾಕ್ಟರಿನ ಪಕ್ಕ ಗೋಣಿಚೀಲ ಹಾಸಿ, ಪಾನಾಗಳನ್ನು ಸಾಲಾಗಿ ಜೋಡಿಸಿ, ಅಪ್ಪ ಕೈ ಕಟ್ಟಿ ನಿಂತ. ದೊಡ್ಡಪ್ಪ ಟೀ ಲೋಟ ಹಿಡಿದು ಕಟ್ಟೆ ಮೇಲೆ ಕೂತ, ಹೊಸ ಚಪ್ಪಲಿಯನ್ನು ಕೆಳಗೆ ಬಿಟ್ಟು. ಬಕೆಟ್ ಇಡುವ ಮೊದಲೇ ನಾನು ಕೆಳಗಿನ ಬೋಲ್ಟು ಬಿಚ್ಚಿದೆ. ಕರೀ ಆಯಿಲ್ ಬುಳಕ್ಕನೆ ಸುರಿದು, ಅಂಗಳದ ಇಳಿಜಾರು ಹಿಡಿದು ನೆಟ್ಟಗೆ ಕಟ್ಟೆ ಕಡೆಗೆ ಹೊರಟಿತು. ದೊಡ್ಡಪ್ಪ ಕಾಲು ಮೇಲೆತ್ತಿಕೊಂಡ, ಚಪ್ಪಲಿ ಉಳಿಯಲಿಲ್ಲ. "ನಾನು ಮೊದ್ಲೇ ಹೇಳಿದ್ದೆ" ಅಂತ ಬರಿಗಾಲಲ್ಲಿ ಒಳಗೆ ಹೋದ.

ಅಪ್ಪ ಬೂದಿ ತಂದು ಆಯಿಲ್ ಮೇಲೆ ಎರಚುತ್ತಾ, "ಆಗ್ತೈತೆ ಬಿಡು. ನಾನೂ ಮೊದಲ್ನೇ ಸಲ ಹಿಂಗೇ ಮಾಡಿದ್ದೆ" ಅಂದ.

ಅವನು ಬೈದಿದ್ದರೆ ನಾನೂ ಬೈದು ಪಾರಾಗುತ್ತಿದ್ದೆ. ಹಾಗೆ ಅಂದುಬಿಟ್ಟನಲ್ಲ, ನನಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಎಲ್ಲ ಹೇಳಿದೆ: ತಲೆನೋವು, ಉಳಿದ ಮೂರು ಸಾಮಾನು, ಮುಯ್ಯಿ, ಪಾತ್ರೆ ಅಂಗಡಿ, ನಾಳೆ ಹೋಗುವ ಪಟ್ಟಿ. ಅಪ್ಪ ಟ್ರ್ಯಾಕ್ಟರಿನ ದೊಡ್ಡ ಚಕ್ರಕ್ಕೆ ಒರಗಿ ಗೋಣಿಚೀಲದ ಮೇಲೆ ಕೂತ. ಪಾನಾಗಳನ್ನು ಒಂದೊಂದಾಗಿ ಒರೆಸಿ ಇಟ್ಟ.

"ಪಾತ್ರೆ ಅಂಗಡೀಲಿ ಏನ್ ಮಾಡ್ತೀ?" ಅಂದ ಕೊನೆಗೆ.

ಬಸವಾಪಟ್ಟಣದ ಹೆಂಗಸಿನ ಕಥೆ ಹೇಳಿದೆ. ಅತ್ತೆಯ ಸೊಂಟನೋವಿನವರೆಗೆ ಬರುವಷ್ಟರಲ್ಲಿ ನನ್ನ ಅಳು ನಿಂತು ಕೈಕಾಲು ಆಡಿಸಿ ಹೇಳುತ್ತಿದ್ದೆ. ಅಪ್ಪ ನಕ್ಕ. ಅವನು ಹಾಗೆ ಹಲ್ಲು ಕಾಣುವಂತೆ, ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. "ಮತ್ತೆ ಏನಂದ್ಲು ಆಯಮ್ಮ?" ಅಂತ ಎರಡು ಸಲ ಹೇಳಿಸಿದ.

ಆಮೇಲೆ ಕಣ್ಣು ಒರೆಸಿಕೊಂಡು ಕೇಳಿದ: "ಇಷ್ಟು ಚೆಂದ ಬರ್ತೈತೆ, ಮತ್ತೆ ಗ್ಯಾರೇಜ್ ಯಾಕೆ ಕೇಳ್ದಿ?"

"ನಿನಗೆ ಟ್ರ್ಯಾಕ್ಟರ್ ಅಂದ್ರೆ ಪ್ರಾಣ ಅಲ್ಲಾ ಅಪ್ಪ, ಅದಕ್ಕೆ."

"ಹಂಗಂತ ಯಾರು ಹೇಳಿದ್ರು?"

ಊರೆಲ್ಲ ಹೇಳಿತ್ತು. ಅವನು ಹೇಳಿರಲಿಲ್ಲ.

"ನಾನು ನಿನಗಿಂತ ಸ್ವಲ್ಪ ದೊಡ್ಡೋನಿದ್ದೆ" ಅಂದ ಅಪ್ಪ. "ಮನೆಗೆ ಟ್ರ್ಯಾಕ್ಟರ್ ಬಂತು. ಯಾರಾದ್ರೂ ಒಬ್ರು ಹತ್ತಬೇಕಿತ್ತು. ಹತ್ತು ಅಂದ್ರು, ಹತ್ತಿದೆ. ಇದ್ರ ಮೇಲೆ ಕುಂತ್ರೆ ಈ ಸದ್ದಿಗೆ ಯಾರ ಮಾತೂ ಕೇಳ್ಸಲ್ಲ, ನಮ್ಮ ಮಾತೂ ಯಾರಿಗೂ ಕೇಳ್ಸಲ್ಲ. ದಿನಾ ಹೊಲದ ಬದುವಿನ ಮೇಲೆ ನಾಲ್ಕು ಜನ ನಿಂತು ಮಾತಾಡ್ತಿರ್ತಾರೆ, ನಾನು ಬರೀ ಅವ್ರ ಬಾಯಿ ಆಡೋದು ನೋಡ್ತಾ ಹೋಗ್ತೀನಿ. ನನಗೂ ಮಾತಾಡಾಕೆ ಆಸೆ ಅವ್ವ. ಎಷ್ಟೋ ವರ್ಷ ಆತಲ್ಲ, ಅಭ್ಯಾಸ ತಪ್ಪಿತು."

ನಮ್ಮ ಮನೆಯಲ್ಲಿ ನನ್ನ ಈ ಬಾಯಿ ಯಾರಿಂದ ಬಂತು ಅಂತ ಅವ್ವ ಯಾವಾಗಲೂ ತಲೆ ಚಚ್ಚಿಕೊಳ್ಳುತ್ತಿದ್ದಳು.

"ನನಗೆ ಯಾರೂ ಫಾರಂ ಕೊಡ್ಲಿಲ್ಲ" ಅಂದ ಅಪ್ಪ. "ಅದ್ಕೇ ಅಣ್ಣನ ಜೊತೆ ಜಗಳಾಡಿದ್ದು. ನೀನು ಗ್ಯಾರೇಜ್ ಓದ್ಲಿ ಅಂತ ಅಲ್ಲ. ನೀನು ಕೇಳಿದ್ದು ಓದ್ಲಿ ಅಂತ. ಎಲ್ಲೈತೆ ಆ ಫಾರಂ, ತಗಂಬಾ."

ತಂದುಕೊಟ್ಟೆ. ಟಿಕ್ ನಾನು ಹಾಕಬೇಕಾಗಿತ್ತು. ಅವನು ಪೆನ್ನು ತಾನೇ ಇಸಿದುಕೊಂಡು, ರೀಟೇಲ್ ಯಾವುದು ಅಂತ ಕೇಳಿ, ಆ ಚೌಕದಲ್ಲಿ ಒತ್ತಿ ಟಿಕ್ ಹಾಕಿದ. ಆಮೇಲೆ ಸಹಿ ಮಾಡಿದ. ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದ. ಅಪ್ಪನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ ಅಂತ ಗೊತ್ತಾಗಿ ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಸಂಜೆ ದೊಡ್ಡಪ್ಪನಿಗೆ ಸುದ್ದಿ ತಿಳಿದು, ಕೊನೆಗೂ ತನ್ನ ಮಾತೇ ನಡೆಯಿತು ಅಂತ ಎರಡು ದಿನ ಎದೆ ಉಬ್ಬಿಸಿ ತಿರುಗಿದ. ಅಪ್ಪ ಹಾಗೆ ತಿರುಗಲು ಬಿಟ್ಟ.

ಆ ಹುಡುಗ ಈಗ ಚನ್ನಗಿರಿಯಲ್ಲಿ ಬೈಕ್ ಗ್ಯಾರೇಜ್ ಇಟ್ಟಿದ್ದಾನೆ, ಫೋನ್ ಮಾಡಿದರೆ ಮೂರು ಮಾತಿಗೆ ಒಂದು "ಹಾಂ" ಅನ್ನುತ್ತಾನೆ. ಟ್ರ್ಯಾಕ್ಟರನ್ನು ದೊಡ್ಡಪ್ಪನ ಮಗ ಓಡಿಸುತ್ತಾನೆ. ಅವನನ್ನು ಯಾರೂ ಹತ್ತಿಸಿದ್ದಲ್ಲ, ಅವನೇ ಕೇಳಿ ಹತ್ತಿದ. ನಾನು ಬಿ.ಕಾಂ. ಮುಗಿಸಿ ಹೊನ್ನಾಳಿಯ ಒಂದು ದೊಡ್ಡ ಪಾತ್ರೆ ಅಂಗಡಿಯಲ್ಲಿದ್ದೇನೆ. ಮದುವೆಯ ಸಾಮಾನಿನ ವಿಭಾಗ ನನ್ನದು. ಬೇಡವಾದದ್ದನ್ನು ಗಿರಾಕಿಯ ಕೈಯಿಂದ ಕಿತ್ತಿಡುವ ಚಾಳಿ ಇನ್ನೂ ಬಿಟ್ಟಿಲ್ಲ, ಯಜಮಾನರೂ ಈಗ ಅಭ್ಯಾಸ ಮಾಡಿಕೊಂಡಿದ್ದಾರೆ.

ವಾರಕ್ಕೆರಡು ದಿನ ಅಪ್ಪ ಬೆಳಗಿನ ಬಸ್ಸಿಗೆ ಬರುತ್ತಾನೆ. ಮೊದಮೊದಲು ನನ್ನನ್ನು ನೋಡಿಕೊಂಡು ಹೋಗಲು ಬರುತ್ತಿದ್ದ. ಆಮೇಲೆ ಒಂದು ಸ್ಟೂಲ್ ಹಾಕಿಕೊಂಡು ಕೂತ. ಈಗ ಅವನು ಬಂದ ದಿನ ನನಗೆ ಬಾಯಿ ತೆರೆಯಲು ಬಿಡುವುದಿಲ್ಲ. ಬಂದವರ ಊರು ಕೇಳುತ್ತಾನೆ, ಮಳೆ ಕೇಳುತ್ತಾನೆ, ಹೆಣ್ಣು ಯಾವ ಕಡೆಯದು ಅಂತ ಕೇಳುತ್ತಾನೆ, ನಡುವೆ ಒಂದು ಕೊಳಗ ಮಾರಿರುತ್ತಾನೆ. ಯಜಮಾನರು ಸಂಬಳದ ಮಾತೆತ್ತಿದರೆ, "ನಾನು ಸುಮ್ನೆ ಮಾತಾಡಾಕೆ ಬಂದೀನ್ರಿ" ಅನ್ನುತ್ತಾನೆ.

ಹೋದ ತಿಂಗಳು ಜಗಳೂರು ಕಡೆಯ ಒಬ್ಬ ಹಿರಿಯರು ಮೊಮ್ಮಗಳ ಮದುವೆಗೆ ಪಾತ್ರೆ ನೋಡಲು ಬಂದಿದ್ದರು. ಅಪ್ಪ ಅವರ ಜೊತೆ ಅರ್ಧ ಗಂಟೆ ಮಾತಾಡಿದ. ಹೊರಡುವಾಗ ಅವರು ಕೈ ಮುಗಿದು, "ನಿಮ್ಮದು ಏನ್ ಕಸುಬ್ರಿ ಯಜಮಾನ್ರೆ, ಮೊದ್ಲಿಂದ?" ಅಂದರು. ಆಯುಷ್ಯದ ಅರ್ಧವನ್ನು ಟ್ರ್ಯಾಕ್ಟರಿನ ಮೇಲೆ ಕಳೆದ ನನ್ನ ಅಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ.

"ಪಾತ್ರೆ ವ್ಯಾಪಾರ ರೀ" ಅಂದ.

ನಾನು ಬೆನ್ನು ತಿರುಗಿಸಿ, ಜೋಡಿಸಿದ್ದ ಲೋಟಗಳನ್ನೇ ಮತ್ತೆ ಜೋಡಿಸಿದೆ.